ಮೂರನೇ ಸಾಲಿನ ಸೀಟು

ಅಡಿಲೇಡಿನ ಹೋಟೆಲಿನ ಬಚ್ಚಲ ಕನ್ನಡಿಯ ಮುಂದೆ ಗಡ್ಡ ಹೆರೆದುಕೊಳ್ಳುತ್ತಿದ್ದ ನಾಗೇಂದ್ರ ತನ್ನ ತುಟಿಗಳು ಅಲುಗುತ್ತಿರುವುದನ್ನು ಕಂಡು ಕೈ ನಿಲ್ಲಿಸಿದ. ನೊರೆಯ ನಡುವೆ ಅವು ತಮ್ಮ ಪಾಡಿಗೆ ತಾವು ಯಾರಿಗೋ ಏನನ್ನೋ ಹೇಳಿಕೊಡುತ್ತಿದ್ದವು. ಥೂ, ಇದೆಂಥ ಚಾಳಿ ಎಂದು ಬಾಯಿ ಬಿಗಿಹಿಡಿದ. ಬಿಗಿಹಿಡಿದಷ್ಟೂ ಒಳಗೆ ನಾಲಿಗೆ ಚಡಪಡಿಸಿತು. ಐವತ್ತೆಂಟು ದಾಟಿದ ಗಂಡಸು, ಬ್ರಿಸ್ಬೇನ್ ಹತ್ತಿರದ ಇಪ್ಸ್‌ವಿಚ್ಚಿನ ಆಸ್ಪತ್ರೆಯಲ್ಲಿ ವಯಸ್ಸಾದವರ ಮರೆವು ಎಷ್ಟೆಂದು ಅಳೆದು ಹೇಳುವ ದೊಡ್ಡ ಡಾಕ್ಟರು, ತನ್ನ ಬಾಯನ್ನೇ ತಾನು ಕಾವಲು ಕಾಯುತ್ತ ನಿಂತಿದ್ದ. ಹೊರಗೆ ಟ್ರಾಮು ಗಂಟೆ ಹೊಡೆದುಕೊಂಡು ಹೋಯಿತು. ಮಧ್ಯಾಹ್ನದ ನಾಟಕಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

"ರೀ, ಯಾರ ಹತ್ರ ಮಾತಾಡ್ತಿದೀರಿ ಅಲ್ಲಿ?" ಹಾಸಿಗೆಯ ಮೇಲಿಂದ ಪದ್ಮಾ ಕೂಗಿದಳು.

"ಯಾರ ಹತ್ರಾನೂ ಇಲ್ಲ ಮಾರಾಯ್ತಿ."

"ನಿನ್ನೆ ಫ್ಲೈಟಲ್ಲೂ ಅಷ್ಟೇ. ಆ ಹುಡುಗಿ ಸೀಟ್ ಬೆಲ್ಟ್ ಹಾಕ್ಕೊಳ್ಳಿ ಅಂತ ಹೇಳ್ತಿದ್ರೆ ಅವಳಿಗಿಂತ ಮುಂಚೆ ನಿಮ್ಮ ಬಾಯಿ ಆಡ್ತಿತ್ತು. ಅವಳು ಏನಂದ್ಕೊಂಡ್ಳೋ ಏನೋ. ನಂಗೆ ಮಾನ ಹೋದಂಗಾಯ್ತು."

ಮಾನ ಹೋಗುವುದಾದರೆ ಫ್ಲೈಟಿನಲ್ಲಿ ಯಾಕೆ ಹೋಗಬೇಕು, ಅದಕ್ಕೆ ಬೇರೆ ಜಾಗ ಕಾದಿದೆ ಎಂದು ಅವನಿಗನ್ನಿಸಿತು. ಇವತ್ತು ಮಧ್ಯಾಹ್ನ ಲಾಯೋಶ್ ಎಂಬ ಎಂಬತ್ತೆರಡರ ಹಂಗೇರಿಯ ನಟ ಎರಡು ತಾಸು ರಂಗದ ಮೇಲಿರುತ್ತಾನೆ. ಅಡಿಲೇಡ್ ಮುಗಿಸಿ ಪರ್ತ್, ಆಮೇಲೆ ಬ್ರಿಸ್ಬೇನ್. ಈ ಮುದುಕನ ನೆನಪು ಗಟ್ಟಿಯಾಗಿದೆ, ಊರೂರು ತಿರುಗಿ ನಟಿಸಬಹುದು, ಒಬ್ಬನೇ ಇರಬಹುದು ಎಂದು ರುಜು ಹಾಕಿಕೊಟ್ಟವನು ನಾಗೇಂದ್ರ. ಆ ರುಜುವಿಲ್ಲದೆ ನಾಟಕದ ಕಂಪನಿಯವರು ಮುದುಕನನ್ನು ಹತ್ತಿರಕ್ಕೂ ಸೇರಿಸುತ್ತಿರಲಿಲ್ಲ. ಮುದುಕ ಇವತ್ತು ಮಾತು ಮರೆತು ಬೆಪ್ಪಾಗಿ ನಿಂತರೆ? ನಿಂತರೆ ನಿಲ್ಲಲಿ, ನಟರು ಮರೆಯುತ್ತಾರಪ್ಪ. ಆದರೆ ಯಾರೂ ಇಲ್ಲದ ಪರ್ತಿನ ಹೋಟೆಲಿನಲ್ಲಿ ರೂಮಿನ ದಾರಿ ಮರೆತರೆ? ನೀರಿನ ಕಡೆಗೋ ರಸ್ತೆಯ ಕಡೆಗೋ ನಡೆದುಬಿಟ್ಟರೆ? ನೊರೆ ಕೆನ್ನೆಯ ಮೇಲೆ ಒಣಗಿ ಬಿಗಿಯುತ್ತಿತ್ತು. ಅವನು ಮುಖ ತೊಳೆದುಕೊಂಡ.

ನಿಜ ಹೇಳಬೇಕೆಂದರೆ ಈ ಬಾಯಿಯ ರೋಗ ಇಂದಿನದಲ್ಲ. ಮೈಸೂರಿನಲ್ಲಿ ಮೆಡಿಕಲ್ ಓದುವಾಗ ಹವ್ಯಾಸಿ ತಂಡವೊಂದಕ್ಕೆ ಸೇರಿಕೊಂಡಿದ್ದ. ನಾಟಕ ಮಾಡಿಸುತ್ತಿದ್ದ ಚಾಮರಾಜ ಮೇಷ್ಟ್ರು ಮೊದಲ ದಿನವೇ ಅವನಿಂದ ನಾಲ್ಕು ಮಾತು ಓದಿಸಿ, ಬೀಡಿ ಕಚ್ಚಿಕೊಂಡು, "ಉಚ್ಚಾರ ಚಿನ್ನ ಕಣಯ್ಯ. ಆದ್ರೆ ದನಿ ಇಲ್ಲ. ಹಿಂದಿನ ಸಾಲಿನೋನು ಎದ್ದು ಮನೆಗೆ ಹೋಗ್ತಾನೆ" ಎಂದಿದ್ದರು. ಎಲ್ಲರೂ ನಕ್ಕಿದ್ದರು. ನಾಗೇಂದ್ರನೂ ನಕ್ಕಿದ್ದ, ನಗದೆ ಏನು ಮಾಡುತ್ತಾನೆ? ಅವತ್ತಿನಿಂದ ಸೈಡ್‌ವಿಂಗಿನ ಪರದೆಯ ಹಿಂದೆ ಸ್ಟೂಲು ಹಾಕಿಕೊಂಡು ನಟರಿಗೆ ಮಾತು ಹೇಳಿಕೊಡುವ ಪ್ರಾಂಪ್ಟರ್ ಆದ. ಮಾತು ಮರೆತ ನಟನ ಕಣ್ಣು ಎದುರು ಪಾತ್ರವನ್ನು ನೋಡುವುದಿಲ್ಲ, ಮೆಲ್ಲಗೆ ಪಕ್ಕಕ್ಕೆ ಜಾರುತ್ತದೆ ಎಂಬುದನ್ನು ಅವನು ಅಲ್ಲಿ ಕಲಿತ. ಜಾರಿದ ಕಣ್ಣಿಗೆ ದನಿ ಬೇಕಿಲ್ಲ, ತುಟಿ ಸಾಕು. ರಾಜರು, ಸೇನಾಪತಿಗಳು, ಪ್ರೇಮಿಗಳು ಎಲ್ಲರೂ ಒಂದಲ್ಲ ಒಂದು ಸಲ ಅವನ ತುಟಿಯ ಕಡೆಗೆ ಕಣ್ಣು ಜಾರಿಸಿ ಬದುಕಿಕೊಂಡವರೇ. ಚಪ್ಪಾಳೆ ಬೀಳುವಾಗ ಮಾತ್ರ ಅವನು ಪರದೆಯ ಹಗ್ಗ ಹಿಡಿದುಕೊಂಡು ನಿಂತಿರುತ್ತಿದ್ದ.

ಮೂರು ತಿಂಗಳ ಹಿಂದೆ ಆಸ್ಪತ್ರೆಯ ಆ ಚಿಕ್ಕ ರೂಮಿನಲ್ಲಿ ಆದದ್ದೂ ಇಷ್ಟೇ. ಮುದುಕ ಕೋಟು ಹಾಕಿ, ಕತ್ತಿಗೆ ರೇಷ್ಮೆ ಬಟ್ಟೆ ಸುತ್ತಿ, ತಪಾಸಣೆಗಲ್ಲ ಸನ್ಮಾನಕ್ಕೆ ಬಂದವನ ಹಾಗೆ ಬಂದಿದ್ದ. ಮಗಳು ಇಲೋನಾಳನ್ನು ಹೊರಗೆ ಕೂರಿಸಿದ್ದ. ನಾಗೇಂದ್ರ ಐದು ಪದ ಹೇಳಿದ: ಬಟನ್, ಚರ್ಚ್, ಲೆಮನ್, ಬ್ರಿಜ್, ಹಾರ್ಸ್. ಸ್ವಲ್ಪ ಹೊತ್ತು ಬೇರೆ ಮಾತಾಡಿಸಿ ಆಮೇಲೆ ಕೇಳಿದ. ಚರ್ಚ್, ಲೆಮನ್ ಎಂದು ಮುದುಕ ಠೀವಿಯಿಂದ ಹೇಳಿ ನಿಂತ. ಕಿಟಕಿಯಾಚೆ ಆಂಬುಲೆನ್ಸು ಹಿಂದಕ್ಕೆ ಬರುತ್ತ ಪೀಂ ಪೀಂ ಎನ್ನುತ್ತಿತ್ತು. ಆಗ ಮುದುಕನ ಕಣ್ಣು ಜಾರಿತು. ಸೈಡ್‌ವಿಂಗಿಗೆ ಜಾರುವಂತೆಯೇ ಜಾರಿ ನಾಗೇಂದ್ರನ ಬಾಯಿಯ ಮೇಲೆ ನಿಂತಿತು. "ಬಟನ್" ಎಂದ ಮುದುಕ. "ಬ್ರಿಜ್." "ಹಾರ್ಸ್." ಪೂರ್ತಿ ಅಂಕ ಬರೆದು ಪೆನ್ನಿನ ಕ್ಯಾಪು ಹಾಕುವಾಗಲೇ ತನ್ನ ತುಟಿ ಇನ್ನೂ ಮುಂದಕ್ಕೆ ಚಾಚಿಕೊಂಡಿರುವುದು ನಾಗೇಂದ್ರನಿಗೆ ಗೊತ್ತಾದದ್ದು. ಇನ್ನೊಂದು ಸಲ ಕೇಳಬೇಕಿತ್ತು. ಬೇರೆ ಪದ ಕೊಟ್ಟು, ತಲೆ ತಗ್ಗಿಸಿಕೊಂಡು ಕೇಳಬೇಕಿತ್ತು. ಕೇಳಲಿಲ್ಲ. ಯಾಕೆ ಕೇಳಲಿಲ್ಲ ಎಂಬ ಪ್ರಶ್ನೆಗೆ ಅವನು ಹತ್ತಾರು ಉತ್ತರ ಕಟ್ಟಿದ್ದ: ಮುದುಕನಿಗೆ ಆಯಾಸವಾಗಿತ್ತು, ಇಂಗ್ಲಿಷು ಅವನ ಭಾಷೆಯಲ್ಲ, ಪರೀಕ್ಷೆ ಎಂಬುದೇ ಒಂದು ಒರಟು ಅಳತೆ. ಎಲ್ಲ ಸುಳ್ಳು. ಮೂವತ್ತೈದು ವರ್ಷದ ಮೇಲೆ ಒಬ್ಬ ನಟ, ಅದೂ ಬುಡಾಪೆಸ್ಟಿನ ದೊಡ್ಡ ರಂಗದ ನಟ, ತನ್ನ ತುಟಿಯನ್ನು ನೋಡಿದ್ದ. ಅಷ್ಟಕ್ಕೇ ಡಾಕ್ಟರು ಹಿಗ್ಗಿ ಹೀರೇಕಾಯಿಯಾಗಿದ್ದ.

"ಅಪ್ಪಾ, ಆರ್ ಯು ಓಕೆ? ಯು ಲುಕ್ ಸಿಕ್," ಎಂದಳು ತನ್ವಿ, ಕಾಫಿ ಕುಡಿಯಲು ಕೂತಲ್ಲಿ. ಮಗಳು ಇದೇ ಊರಿನಲ್ಲಿ ಓದುತ್ತಿದ್ದಾಳೆ. ಮುದುಕ ಕಳಿಸಿದ್ದ ಎರಡು ಟಿಕೆಟ್ಟಿನ ಜೊತೆಗೆ ಅವಳಿಗೊಂದು ಕೊಂಡಿದ್ದರು. "ಏನಿಲ್ಲ ಪುಟ್ಟಿ, ಹೊಟ್ಟೆ ಸರಿಯಿಲ್ಲ" ಎಂದ. "ಹೊಟ್ಟೆಯಲ್ಲ, ಟೆನ್ಷನ್ನು" ಎಂದಳು ಪದ್ಮಾ. "ತಾನೇ ಸ್ಟೇಜ್ ಹತ್ತೋನ ಥರ ಆಡ್ತಿದಾರೆ. ಅಲ್ವೇ ತನ್ವಿ, ನಿಮ್ಮಪ್ಪ ಶನಿವಾರ ಶನಿವಾರ ಸನ್ನಿಬ್ಯಾಂಕಿಗೆ ಕರಿಬೇವು ತರೋಕೆ ಹೋಗಿ ಅರ್ಧ ದಿನ ಕಳ್ಕೊಂಡು ಬರ್ತಿದ್ರಲ್ಲ, ಎಲ್ಲಿಗೆ ಹೋಗ್ತಿದ್ರು ಗೊತ್ತಾ? ಟೂವಾಂಗಿಗೆ, ಈ ಮುದುಕಪ್ಪನ ಮನೆಗೆ! ಕರಿಬೇವು ಬಾಡಿರೋದು ನೋಡಿ ಕೇಳಿದ್ಮೇಲೆ ಬಾಯಿಬಿಟ್ರು." ತನ್ವಿ ನಕ್ಕಳು. "ದಟ್ಸ್ ಸೋ ಕ್ಯೂಟ್, ಅಪ್ಪ." ಕುಂಬಳಕಾಯಿ ಕಳ್ಳನ ಹಾಗೆ ನಾಗೇಂದ್ರ ತನ್ನ ಹೆಗಲು ತಾನೇ ಸವರಿಕೊಂಡ.

ಟೂವಾಂಗಿನ ಆ ಫ್ಲ್ಯಾಟಿನಲ್ಲಿ ಕೆಳಗಿನ ಮನೆಯ ವಿದ್ಯಾರ್ಥಿಗಳ ಒಗ್ಗರಣೆಯ ವಾಸನೆ ಮೇಲಕ್ಕೆ ಬರುತ್ತಿತ್ತು. ಮುದುಕ ಕಿಟಕಿ ಮುಚ್ಚುತ್ತಿರಲಿಲ್ಲ. ರೋಗಿಯ ಮನೆಗೆ ಡಾಕ್ಟರು ಹೀಗೆ ಹೋಗುವಂತಿಲ್ಲ ಎಂದು ತಿಳಿದೂ ನಾಗೇಂದ್ರ ಮೊದಲ ಶನಿವಾರ ಹೋದ, ಎರಡನೆಯದಕ್ಕೂ ಹೋದ, ಆಮೇಲೆ ಶನಿವಾರವಿಲ್ಲದ ವಾರವೇ ಅವನಿಗೆ ರುಚಿಸದಾಯಿತು. ನಾಟಕದಲ್ಲಿ ಇಬ್ಬರೇ: ಮುಚ್ಚಿಹೋದ ರೈಲುದಾರಿಯ ಮುದಿ ಸ್ಟೇಷನ್ ಮಾಸ್ತರ, ಅವನಿಂದ ಸ್ಟೇಷನ್ ಖಾಲಿ ಮಾಡಿಸಲು ಬಂದ ಹೆಂಗಸು. ಮುದುಕನಿಗೆ ಅಭ್ಯಾಸವಾಗಲೆಂದು ನಾಗೇಂದ್ರ ಹೆಂಗಸಿನ ಮಾತು ಓದುತ್ತಿದ್ದ. ಮುದುಕನ ಮಾತು ಅದಕ್ಕಿಂತ ಮೊದಲೇ ಅವನ ಬಾಯಿಗೆ ಬಂದುಬಿಡುತ್ತಿತ್ತು. ನಡುವೆ ಮುದುಕ ಬದುಕಿನ ಚೂರುಪಾರು ಹೇಳುತ್ತಿದ್ದ. ಇಪ್ಪತ್ತರಲ್ಲಿ ಸಿನಿಮಾದಲ್ಲಿ ಸೂರ್ಯಕಾಂತಿ ಹೊಲದಲ್ಲಿ ಓಡುವ ಸಿಪಾಯಿಯಾಗಿದ್ದನಂತೆ. ಒಂದೇ ಒಂದು ಮಾತಿಲ್ಲ, ಬರೀ ಓಟ, ಆದರೂ ಊರಿನ ಹುಡುಗಿಯರೆಲ್ಲ ಬಿದ್ದುಹೋದರಂತೆ. ಈ ದೇಶಕ್ಕೆ ಬಂದ ಮೇಲೆ ಅವನ ಉಚ್ಚಾರ ಕೇಳಿದವರೆಲ್ಲ ಖಳನ ಪಾತ್ರವೇ ಕೊಟ್ಟರು. "ಇಲ್ಲಿನ ಟೀವಿಯಲ್ಲಿ ನನಗೆ ಗುಂಡು ಹೊಡೆಯದ ಪೊಲೀಸ್ ಇಲ್ಲ ಡಾಕ್ಟರ್" ಎಂದು ನಗುತ್ತಿದ್ದ. ಕೊನೆಗೆ ಬಿಸ್ಕತ್ತಿನ ಜಾಹೀರಾತಿನ ತಾತನಾದ. ಅಂಗಡಿಗೆ ಹೋದರೆ ಮಕ್ಕಳು ಬಿಸ್ಕತ್ತಿನ ಮಾತನ್ನೇ ಹೇಳು ಎಂದು ಕೋಟು ಜಗ್ಗುತ್ತಿದ್ದರು, ಅವನು ಹೇಳುತ್ತಿದ್ದ, ಆಮೇಲೆ ಮನೆಗೆ ಬಂದು ಹಲ್ಲು ಕಚ್ಚಿಕೊಂಡು ಕೂರುತ್ತಿದ್ದ.

ಪರ್ತಿನ ವಿಷಯ ಮಾತ್ರ ಅವನು ನಗದೆ ಹೇಳಿದ್ದ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಹಂಗೇರಿಯ ತಂಡದ ಜೊತೆ ನಾಟಕವಾಡಲು ಅಲ್ಲಿಗೆ ಬಂದಿದ್ದ. ಮಧ್ಯಂತರದಲ್ಲಿ ಸಿಗರೇಟು ಸೇದಲು ಹಿಂಬಾಗಿಲಿನಿಂದ ಹೊರಗೆ ಬಂದವನು, ಕ್ಯಾಪ್ಟನ್ ವೇಷದಲ್ಲೇ, ಬೂಟು ಸಮೇತ, ನದಿಯ ಕಡೆಗೆ ನಡೆದ. ವಾಪಸು ಹೋಗಲಿಲ್ಲ. ಆಗ ಕಮ್ಯುನಿಸ್ಟ್ ಸರ್ಕಾರದ ಕೈಯಲ್ಲಿದ್ದ ದೇಶವನ್ನು ಅವನು ಬಿಟ್ಟದ್ದು ಹಾಗೆ. ಒಳಗೆ ಎರಡನೇ ಅಂಕ ಶುರುವಾಗಿತ್ತು. ರಂಗದ ಮೇಲೆ ಅವನ ಹೆಂಡತಿ ಮಾರ್ತಾ ಬಾಗಿಲನ್ನು ನೋಡುತ್ತ ನಿಂತಿದ್ದಳು. ಬಾಗಿಲು ತೆಗೆದುಕೊಂಡು ಅವನು ಬರಬೇಕು, ಅವಳು ಮಾತಾಡಬೇಕು. ಬರಲಿಲ್ಲ. ಸ್ವಲ್ಪ ಹೊತ್ತು ಕಾದು ಅವಳು ಇಬ್ಬರ ಮಾತನ್ನೂ ತಾನೇ ಆಡಿ ಅಂಕ ಮುಗಿಸಿದಳಂತೆ. ಜನಕ್ಕೆ ಗೊತ್ತೇ ಆಗಲಿಲ್ಲವಂತೆ. ವರ್ಷಗಳಾದ ಮೇಲೆ ಯಾರೋ ಬಂದು ಹೇಳಿದ್ದು; ಅಷ್ಟರಲ್ಲಿ ಅವಳು ತೀರಿಕೊಂಡಿದ್ದಳು, ಅಲ್ಲೇ ಉಳಿದಿದ್ದ ಮಗಳು ಇಲೋನಾಳನ್ನು ಆಮೇಲೆ ಇಲ್ಲಿಗೆ ಕರೆಸಿಕೊಂಡ. "ಆ ಊರಿನಲ್ಲಿ ಒಂದು ಸಲ ಬಾಗಿಲು ತೆಗೆದು ಒಳಗೆ ಬರಬೇಕು ಡಾಕ್ಟರ್. ನನಗೆ ಬೇರೆ ಏನೂ ಬೇಡ." ಮುದುಕನ ಕೈಯಲ್ಲಿದ್ದ ಲೋಟದ ಚಹಾ ತಣ್ಣಗಾಗಿತ್ತು. ನಾಗೇಂದ್ರ ಮೆಲ್ಲನೆ ಅದನ್ನು ಇಸಿದುಕೊಂಡು ಮೇಜಿನ ಮೇಲಿಟ್ಟ. ಒಲೆಯ ಮೇಲೆ ಖಾಲಿ ಪಾತ್ರೆ ಕಾದು ಕೆಂಪಾಗಿತ್ತು. ಒಲೆಯನ್ನೂ ಆರಿಸಿದ. ಯಾರಿಗೂ ಹೇಳಲಿಲ್ಲ.

ಥಿಯೇಟರು ಚಿಕ್ಕದು, ಹಳೆಯ ಗೋದಾಮಿನ ಥರ. ಸೀಟು ಮೂರನೇ ಸಾಲಿನ ನಟ್ಟನಡುವೆ. "ಪರವಾಗಿಲ್ವೇ, ನಿಮ್ಮ ಮುದುಕಪ್ಪ ಒಳ್ಳೇ ಸೀಟೇ ಕೊಟ್ಟಿದಾನೆ" ಎಂದು ಪದ್ಮಾ ಸೀರೆ ಸರಿಮಾಡಿಕೊಂಡು ಕೂತಳು. ನಾಗೇಂದ್ರನಿಗೂ ಒಳಗೊಳಗೆ ಹೆಮ್ಮೆ. ಫೋನು ಮಾಡಿ ಮುದುಕ ಮತ್ತೆ ಮತ್ತೆ ಹೇಳಿದ್ದ: ಮೂರನೇ ಸಾಲು, ನಡುವಿನ ಸೀಟು, ಬದಲಾಯಿಸಬೇಡ. ಗಣ್ಯರಿಗಷ್ಟೇ ಹಾಗೆ ಹೇಳುತ್ತಾರೆ. ದೀಪ ಆರಿತು. ರಂಗದ ಮೇಲೆ ಪ್ಲಾಟ್‌ಫಾರ್ಮು, ಒಂದು ಬೆಂಚು, ಕಂಬಕ್ಕೆ ನೇತುಹಾಕಿದ ಲಾಂದ್ರ. ಅದರ ಬೆಳಕು ಮುಂದಿನ ಸಾಲುಗಳ ಮುಖದ ಮೇಲೂ ಬೀಳುತ್ತಿತ್ತು. ಬಾಗಿಲು ತೆರೆದು ಮುದುಕ ಬಂದ. ಅಯ್ಯೋ, ಎಂಥ ಬರುವಿಕೆ ಅದು! ಟೂವಾಂಗಿನಲ್ಲಿ ಸೋಫಾ ಹಿಡಿದುಕೊಂಡು ಏಳುತ್ತಿದ್ದವನು ಇವನೇನಾ? ಸೊಂಟಕ್ಕೆ ಕೈಯಿಟ್ಟು, ಬಾರದ ರೈಲಿನ ದಾರಿಯ ಸ್ಟೇಷನ್ನುಗಳ ಹೆಸರನ್ನೆಲ್ಲ ಒಂದಾದ ಮೇಲೊಂದು, ಒಂದೂ ತಪ್ಪದೆ ಕೂಗಿ ಹೇಳಿದ. ನಾಗೇಂದ್ರನ ಎದೆ ಸಡಿಲವಾಯಿತು. ನೋಡು, ನೋಡು, ನಾನು ತಪ್ಪು ಮಾಡಿಲ್ಲ ಎಂದು ಯಾರಿಗೋ ಹೇಳಬೇಕೆನಿಸಿತು. ಚಾಮರಾಜ ಮೇಷ್ಟ್ರಿಗೆ ಹೇಳಬೇಕೆನಿಸಿತು.

ಕೊನೆಯ ದೃಶ್ಯದಲ್ಲಿ ಹೆಂಗಸು ಲಾಂದ್ರ ಆರಿಸಲು ಕೈ ಎತ್ತುತ್ತಾಳೆ. ಮಾಸ್ತರ ತಡೆಯಬೇಕು. ಮುದುಕ ಎರಡು ಹೆಜ್ಜೆ ಮುಂದೆ ಬಂದು ನಿಂತ. ಮಾತು ಬರಲಿಲ್ಲ. ಹೆಂಗಸಿನ ಕೈ ಗಾಳಿಯಲ್ಲಿ ಹಾಗೇ ನಿಂತಿತು. ಎಲ್ಲೋ ಒಬ್ಬರು ಕೆಮ್ಮಿ ಸುಮ್ಮನಾದರು. ಟೂವಾಂಗಿನಲ್ಲಿ ಓದುವಾಗ ಈ ಜಾಗದಲ್ಲಿ ಇಷ್ಟು ಮೌನ ಇರಲಿಲ್ಲವಲ್ಲ ಎಂದು ನಾಗೇಂದ್ರನಿಗೆ ಹೊಳೆಯಿತು. ಇತ್ತೇನೋ, ನಿರ್ದೇಶಕರು ಆಮೇಲೆ ಸೇರಿಸಿರಬಹುದು. ಮುದುಕ ಈಗ ಎಲ್ಲಿ ನೋಡುತ್ತಿದ್ದಾನೆ? ಕತ್ತಲನ್ನು. ರಂಗದಿಂದ ಜನ ಕಾಣುವುದಿಲ್ಲ, ಕತ್ತಲನ್ನೇ ನೋಡುತ್ತಿದ್ದಾನೆ. ಪಕ್ಕೆಗೆ ಪದ್ಮಾಳ ಮೊಣಕೈ ತಿವಿಯಿತು. "ಬಾಯಿ!" ಎಂದು ಅವಳು ಪಿಸುಗುಟ್ಟಿದಳು. ಅವನು ಬಾಯಿ ಮುಚ್ಚುವುದಕ್ಕೂ ಮುದುಕ ಮಾತಾಡುವುದಕ್ಕೂ ಸರಿಹೋಯಿತು. "ದೀಪ ಇರಲಿ. ಇನ್ನೂ ಒಂದು ಗಾಡಿ ಬಾಕಿ ಇದೆ." ಹಿಂದಿನ ಸಾಲಿನಲ್ಲಿ ಒಬ್ಬಾಕೆ ಮೂಗು ಸೀಟಿಕೊಂಡು, "ಎಂಥ ಮೌನ, ಎಂಥ ಧೈರ್ಯ" ಎಂದು ಗಂಡನಿಗೆ ಹೇಳಿದ್ದು ಕೇಳಿಸಿತು. ಪರದೆ ಬಿದ್ದಾಗ ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ನಾಗೇಂದ್ರನೂ ಎದ್ದ, ಕೈ ಉರಿಯುವಷ್ಟು ಹೊಡೆದ.

ನಾಟಕ ಮುಗಿದ ಮೇಲೆ ಒಳಗೆ ಬನ್ನಿ ಎಂದು ಇಲೋನಾ ಹೇಳಿ ಕಳಿಸಿದ್ದಳು. ಐವತ್ತರ ಆಸುಪಾಸಿನ ಹೆಂಗಸು. ರುಜುವಿಗೆ ಮೊದಲು ಆಸ್ಪತ್ರೆಯ ಹೊರಬಾಗಿಲಲ್ಲಿ ನಿಂತು, "ನಾನು ಬೇಡ ಅಂದರೆ ಅಪ್ಪ ಕೇಳುವುದಿಲ್ಲ, ನೀವೇ ಬೇಡ ಅನ್ನಿ ಡಾಕ್ಟರ್" ಎಂದು ಬೇಡಿಕೊಂಡವಳು. ಇವತ್ತು ಬಣ್ಣದ ಕೋಣೆಯ ಹೊರಗಿನ ಕಾರಿಡಾರಿನಲ್ಲೇ ನಾಗೇಂದ್ರನ ಎರಡೂ ಕೈ ಹಿಡಿದುಕೊಂಡಳು. "ನನ್ನನ್ನು ಕ್ಷಮಿಸಿ. ನಾನೇ ಸುಮ್ಮಸುಮ್ಮನೆ ಹೆದರಿದ್ದೆ. ನೋಡಿದಿರಲ್ಲ ಹೇಗೆ ಮಾಡಿದರು! ನಾನೂ ಪರ್ತಿಗೆ ಹೋಗುವವಳಿದ್ದೆ. ಈಗ ಅನ್ನಿಸುತ್ತಿದೆ, ಯಾಕೆ ಬೆನ್ನ ಹಿಂದೆ ಬಿದ್ದು ಅವರಿಗೆ ಅವಮಾನ ಮಾಡಬೇಕು? ಅವರೊಬ್ಬರೇ ಹೋಗಲಿ. ನೀವು ಹೇಳಿದಿರಲ್ಲ, ನನಗೆ ಅಷ್ಟು ಸಾಕು." ನಾಗೇಂದ್ರ ಹ್ಞೂಂ ಎಂದನೋ ಉಹೂಂ ಎಂದನೋ ಅವನಿಗೇ ತಿಳಿಯಲಿಲ್ಲ. ಹಿಂದೆ ಪದ್ಮಾ, "ನಮ್ಮೋರು ಪೇಷಂಟ್ಸ್ ವಿಷಯದಲ್ಲಿ ತುಂಬಾ ಕೇರ್‌ಫುಲ್" ಎಂದು ಇಂಗ್ಲಿಷಿನಲ್ಲಿ ಸೇರಿಸಿದಳು. ಅವಳ ಬಾಯಿಗೆ ಬೀಗ ಹಾಕಬೇಕು ಅನ್ನಿಸಿತು.

ಬಣ್ಣದ ಕೋಣೆಯಲ್ಲಿ ಮುದುಕ ಕನ್ನಡಿಗೆ ಬೆನ್ನು ಹಾಕಿ ಕೂತಿದ್ದ. ಮಾಸ್ತರನ ಟೋಪಿ ಇನ್ನೂ ತಲೆಯ ಮೇಲಿತ್ತು. ಇವರನ್ನು ಕಂಡವನೇ ಎದ್ದು, ಬಾಗಿ, ಪದ್ಮಾಳ ಕೈಗೆ ಮುತ್ತಿಟ್ಟ. ಅವಳು "ಅಯ್ಯಯ್ಯೋ" ಎಂದು ಕೆಂಪಾದಳು. ತನ್ವಿಗೆ, ನೀನು ರಂಗದ ಮೇಲೆ ಬರಬೇಕಾದವಳು ಎಂದ. ಆಮೇಲೆ ಎರಡೂ ತೋಳು ಚಾಚಿ ನಾಗೇಂದ್ರನ ಕಡೆ ತಿರುಗಿದ. "ಮತ್ತೆ ನೀವು! ನನ್ನ ಪ್ರೀತಿಯ, ನನ್ನ ಬಹಳ ಪ್ರೀತಿಯ..." ತೋಳು ಹಾಗೇ ನಿಂತಿತು. ಕಣ್ಣು ಮೆಲ್ಲಗೆ ಜಾರಿತು. ನಾಗೇಂದ್ರನ ಬಾಯಿಯ ಮೇಲೆ ಬಂದು ಕಾಯಿತು.

ಅವನ ಹೆಸರೇ ಅವನ ಹಲ್ಲಿನ ಹಿಂದೆ ಬಂದು ನಿಂತಿತ್ತು. ನಾ ಎನ್ನಲು ನಾಲಿಗೆ ಮೇಲೆದ್ದಿತ್ತು. ಒಂದು ಹೆಸರು, ತುಟಿಯ ಒಂದು ಅಲುಗು, ಅಷ್ಟು ಕೊಟ್ಟರೆ ಮುದುಕ ಪರ್ತಿಗೆ ಹೋಗುತ್ತಾನೆ, ಬಾಗಿಲು ತೆಗೆದು ಒಳಗೆ ಬರುತ್ತಾನೆ. ನಾಗೇಂದ್ರ ಕೈಯೆತ್ತಿ ತನ್ನ ಬಾಯಿಯನ್ನು ಮುಚ್ಚಿಕೊಂಡ. ಕೆಮ್ಮು ಬಂತೆಂದುಕೊಂಡಿರಬೇಕು, ತನ್ವಿ ನೀರಿನ ಬಾಟಲಿ ಚಾಚಿದಳು. ಮುದುಕನ ಮುಖದಲ್ಲಿ ಮೊದಲು ಕಾಯುವಿಕೆ ಇತ್ತು, ಆಮೇಲೆ ಬರೀ ಭಯ. ಮರುಕ್ಷಣ ಅವನು ತೋಳು ಇಳಿಸಿ ಗಟ್ಟಿಯಾಗಿ ನಕ್ಕ. "'ಹೇಗಿದ್ದೀರಿ ಲಾಯೋಶ್?' ಅನ್ನುತ್ತಾನೆ ಈತ. 'ಚೆನ್ನಾಗಿದ್ದೇನೆ ಗೆಳೆಯ, ನೀನು ಬಂದೆಯಲ್ಲ' ಅನ್ನುತ್ತೇನೆ ನಾನು. 'ನಾಟಕ ಹೇಗಿತ್ತು?' ಅನ್ನುತ್ತೇನೆ. 'ಅದ್ಭುತ!' ಅನ್ನುತ್ತಾನೆ." ಎರಡು ದನಿ, ಎರಡು ಮುಖ. ನಾಗೇಂದ್ರನ ಕತ್ತು ವಾಲಿಸುವ ಚಾಳಿಯನ್ನೂ ಬಿಡದೆ ತೋರಿಸಿದ. ಪದ್ಮಾ ಬಿದ್ದು ಬಿದ್ದು ನಕ್ಕು ಚಪ್ಪಾಳೆ ತಟ್ಟಿದಳು. ಇಲೋನಾ ನಗಲಿಲ್ಲ.

"ಅಪ್ಪ," ಎಂದಳು ಅವಳು. "ಇವರು ಯಾರು?"

ಮುದುಕ ಮಗಳನ್ನು ನೋಡಲಿಲ್ಲ. ನಾಗೇಂದ್ರನ ಹತ್ತಿರಕ್ಕೆ ಬಂದು, ಬಾಯಿಯ ಮೇಲಿದ್ದ ಅವನ ಕೈಯನ್ನು ಹಿಡಿದು ಕೆಳಗಿಳಿಸಿದ. ಬಣ್ಣದ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. "ನಿಮ್ಮ ಹೆಸರು ನನಗೆ ಸಿಗುತ್ತಿಲ್ಲ" ಎಂದ, ಮೆಲ್ಲಗೆ, ನಾಟಕವಿಲ್ಲದ ದನಿಯಲ್ಲಿ. "ಆದರೆ ಈ ಬಾಯಿ ನನಗೆ ಗೊತ್ತು. ಲಾಂದ್ರದ ಹತ್ತಿರ ನೀವೇ ಕೊಟ್ಟಿರಿ. 'ದೀಪ ಇರಲಿ' ಅಂತ. ಪರ್ತಿನಲ್ಲೂ ಮೂರನೇ ಸಾಲು, ಅಲ್ಲವೇ? ನಡುವಿನ ಸೀಟು."

ಗೌರವದ ಸೀಟು! ಮೂರನೇ ಸಾಲಿನ ಗಣ್ಯ! ನಾಗೇಂದ್ರನಿಗೆ ನಗು ಬಂತು, ಅಳು ಬಂತು, ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮೈಸೂರಿನ ಆ ಸ್ಟೂಲಿನಿಂದ ಅವನು ಎದ್ದೇ ಇರಲಿಲ್ಲ, ಕಡಲು ದಾಟಿ ಬಂದರೂ ಅದರ ಮೇಲೇ ಕೂತಿದ್ದ. ಅದಕ್ಕಿಂತ ಕೆಟ್ಟದ್ದೆಂದರೆ, ಹೋಗಬೇಕೆನಿಸಿತು. ರಜ ಹಾಕಿ, ಪರ್ತಿನ ಪ್ರತಿಯೊಂದು ಆಟಕ್ಕೂ ಮೂರನೇ ಸಾಲಿನಲ್ಲಿ ಕೂತು, ಈ ಮುದುಕನಿಗೆ ಬದುಕನ್ನೆಲ್ಲ ಒಂದೊಂದೇ ಮಾತಾಗಿ ಹೇಳಿಕೊಡಬೇಕೆನಿಸಿತು. ಹೋಟೆಲಿನ ದಾರಿ ಯಾರು ಹೇಳಿಕೊಡುತ್ತಾರೆ? ಒಲೆ ಆರಿಸೆಂದು ಯಾರು ಹೇಳಿಕೊಡುತ್ತಾರೆ?

"ಡಾಕ್ಟರ್," ಎಂದಳು ಇಲೋನಾ. "ಅಪ್ಪ ಪರ್ತಿಗೆ ಹೋಗಬಹುದೇ?"

ಮುದುಕ ಅವನ ತುಟಿಯನ್ನೇ ನೋಡುತ್ತಿದ್ದ. ಏನೂ ಅರ್ಥವಾಗದೆ ಪದ್ಮಾಳೂ ನೋಡುತ್ತಿದ್ದಳು. ಈ ಮಾತನ್ನು ಯಾರೂ ಬರೆದುಕೊಟ್ಟಿರಲಿಲ್ಲ.

"ಇಲ್ಲ" ಎಂದ ನಾಗೇಂದ್ರ. ದನಿ ಎಲ್ಲಿಂದಲೋ ಬಂತು, ಅವನಿಗೇ ಬೆಚ್ಚುವಷ್ಟು ಜೋರಾಗಿ ಬಂತು. ಕಾರಿಡಾರಿನಲ್ಲಿ ಹೋಗುತ್ತಿದ್ದವರು ನಿಂತು ಒಳಗೆ ನೋಡಿದರು. "ಹೋಗಬಾರದು. ಅವತ್ತು ಆಸ್ಪತ್ರೆಯಲ್ಲಿ ಉತ್ತರ ಅವರು ಹೇಳಲಿಲ್ಲ. ನಾನು ಹೇಳಿಕೊಟ್ಟೆ. ತಪ್ಪು ನನ್ನದು."

"ರೀ..." ಎಂದಳು ಪದ್ಮಾ. ಇಲೋನಾ ಗೋಡೆಗೆ ಒರಗಿಕೊಂಡಳು.

ಮುದುಕ ಟೋಪಿ ತೆಗೆದು, ಎರಡೂ ಕೈಯಲ್ಲಿ ಹಿಡಿದು, ನಾಗೇಂದ್ರನ ತಲೆಯ ಮೇಲಿಟ್ಟ. ಅದು ದೊಡ್ಡದು, ಕಿವಿಯವರೆಗೆ ಇಳಿಯಿತು. ಒಂದು ಹೆಜ್ಜೆ ಹಿಂದೆ ಸರಿದು, ಕತ್ತು ವಾಲಿಸಿ, ಕಸುಬಿನವನು ಕಸುಬಿನವನನ್ನು ನೋಡುವ ಹಾಗೆ ನೋಡಿದ.

"ಹಿಂದಿನ ಸಾಲಿಗೂ ಕೇಳಿಸಿತು" ಎಂದ.

ಕನ್ನಡಿಯ ಕಡೆ ತಿರುಗಿ ಕೂತು, ಹತ್ತಿಯನ್ನು ಎಣ್ಣೆಗೆ ಅದ್ದಿ, ಮಾಸ್ತರನ ಮೀಸೆ ಒರೆಸಿಕೊಳ್ಳಲು ಶುರುಮಾಡಿದ. ಅರ್ಧ ಒರೆಸಿ ಕೈ ನಿಂತಿತು. ಮುಂದೆ ಏನು ಮಾಡಬೇಕೆಂದು ಮರೆತವನ ಹಾಗೆ ಕನ್ನಡಿಯೊಳಗಿಂದಲೇ ನಾಗೇಂದ್ರನ ತುಟಿಯ ಕಡೆ ನೋಡಿದ.